ಬೆಳಕಿನ ತಂತಿಯೂ ನಮ್ಮ ಗ್ರಾಮಗಳೂ

(ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಒಂದು ಪಾಠ)



ನಮ್ಮ ಶಾಲೆಯಲ್ಲಿ ಸೇರಿದ ಪೋಷಕರ ಸಭೆಯಲ್ಲಿ ಒಮ್ಮೆ ಗ್ರಾಮಗಳಿಗೆ ಅಂತರಜಾಲದ ತಂತಿಯನ್ನು ತರುವ ಸರ್ಕಾರದ ಯೋಜನೆಯ ಮಾತು ಬಂದಿತು. ಮಕ್ಕಳ ಹಾಜರಿ, ಬಸ್ಸಿನ ವೇಳೆ, ಮಧ್ಯಾಹ್ನದ ಊಟ ಇವುಗಳ ವಿಷಯದಲ್ಲಿ ಸುಮ್ಮನೆ ಕುಳಿತಿದ್ದವರೂ ಆಗ ಬಾಯಿ ತೆರೆದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು, “ತಂತಿ ಬರೋದು ಸರಿ ಕನ ಮೇಷ್ಟ್ರೇ, ಆ ತಂತಿ ಒಳಗ ಏನು ಬಂದದು? ಅದು ಯಾರ ಮನಗ ಬಂದದು?” ಎಂದು ಕೇಳಿದರು. ಸಭೆ ನಕ್ಕಿತು. ನಾವು ನಗಲಿಲ್ಲ. ಏಕೆಂದರೆ ವಿಜ್ಞಾನದ ಪ್ರಶ್ನೆಯೊಂದು, ಪೌರನೀತಿಯ ಪ್ರಶ್ನೆಯೊಂದು, ಎರಡೂ ಆ ಮಾತಿನಲ್ಲಿ ಅಡಗಿದ್ದವು. ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಪೂರ್ಣವಾದ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶ.

೧. ಯೋಜನೆ ಯಾವುದು?

ಭಾರತ ಸರ್ಕಾರವು 2011ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ‘ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ’ ಎಂಬ ಯೋಜನೆಗೆ ಒಪ್ಪಿಗೆ ನೀಡಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳನ್ನು ಗಾಜಿನ ಎಳೆಯ ತಂತಿಯಿಂದ ಜೋಡಿಸಬೇಕೆಂಬುದು ಅದರ ಗುರಿ. ಇದಕ್ಕೆ ಬೇಕಾದ ಹಣವು ದೂರವಾಣಿ ಕಂಪೆನಿಗಳ ಆದಾಯದಿಂದ ಪಡೆದು ಕೂಡಿಸಿದ ನಿಧಿಯೊಂದರಿಂದ ಬರುತ್ತದೆ. ಲಾಭ ಕಾಣದ ಊರುಗಳಿಗೆ ಕಂಪೆನಿಗಳು ತಾವಾಗಿಯೇ ಹೋಗುವುದಿಲ್ಲ. ಲಾಭವಿರುವ ಪಟ್ಟಣಗಳಲ್ಲಿ ಗಳಿಸಿದುದರಲ್ಲಿ ಒಂದು ಪಾಲು ಲಾಭವಿಲ್ಲದ ಹಳ್ಳಿಗಳಿಗೆ ಸಲ್ಲಬೇಕೆಂಬುದು ಆ ನಿಧಿಯ ತತ್ತ್ವ. 2015ರಲ್ಲಿ ಈ ಯೋಜನೆಗೆ ‘ಭಾರತ್ ನೆಟ್’ ಎಂಬ ಹೆಸರಾಯಿತು. ಅದೇ ವರ್ಷ ಜನವರಿಯಲ್ಲಿ ಕೇರಳದ ಇಡುಕ್ಕಿಯು ಈ ಜಾಲಕ್ಕೆ ಪೂರ್ಣವಾಗಿ ಸೇರಿದ ಮೊದಲನೆಯ ಜಿಲ್ಲೆಯೆನಿಸಿತು. ಇಡುಕ್ಕಿಯೂ ನಮ್ಮಂತೆಯೇ ಬೆಟ್ಟಕಾಡಿನ ಸೀಮೆಯೆಂಬುದನ್ನು ಇಲ್ಲಿ ನೆನೆಯಬೇಕು. 2017ರ ಡಿಸೆಂಬರ್ ವೇಳೆಗೆ ಒಂದು ಲಕ್ಷಕ್ಕೂ ಮಿಕ್ಕ ಪಂಚಾಯಿತಿಗಳ ಮೊದಲ ಹಂತವು ಮುಗಿಯಿತು.

ತಮಿಳುನಾಡಿನಲ್ಲಿ ಈ ಕಾರ್ಯವನ್ನು ರಾಜ್ಯ ಸರ್ಕಾರವೇ ವಹಿಸಿಕೊಂಡಿತು. ಅದಕ್ಕಾಗಿ 2018ರಲ್ಲಿ ‘ತಮಿಳುನಾಡು ಫೈಬರ್‌ನೆಟ್ ನಿಗಮ’ ಸ್ಥಾಪಿತವಾಯಿತು. ಸುಮಾರು 1,815 ಕೋಟಿ ರೂಪಾಯಿ ವೆಚ್ಚದಲ್ಲಿ ರಾಜ್ಯದ 12,525 ಗ್ರಾಮ ಪಂಚಾಯಿತಿಗಳನ್ನೂ ಜೋಡಿಸುವುದೆಂದು ನಿಶ್ಚಯಿಸಲಾಯಿತು. ತಾಳವಾಡಿ ಒಕ್ಕೂಟದ ನಮ್ಮ ಪಂಚಾಯಿತಿಗಳೂ ಆ ಸಂಖ್ಯೆಯಲ್ಲಿ ಸೇರಿವೆ. ತಂತಿಯ ಬಹುಭಾಗವನ್ನು ವಿದ್ಯುತ್ ಕಂಬಗಳ ಮೇಲೆಯೂ ಉಳಿದ ಸ್ವಲ್ಪ ಭಾಗವನ್ನು ನೆಲದೊಳಗೂ ಒಯ್ಯುವುದು ಇಲ್ಲಿಯ ಕ್ರಮ.

ಆದರೆ ಕಾರ್ಯವು ಕೂಡಲೆ ಆರಂಭವಾಗಲಿಲ್ಲ. ಟೆಂಡರಿನ ಷರತ್ತುಗಳು ಕೆಲವರಿಗೆ ಮಾತ್ರ ಅನುಕೂಲವಾಗಿವೆಯೆಂದು ಸಾರ್ವಜನಿಕ ಸಂಘಟನೆಯೊಂದೂ ಆಗಿನ ವಿರೋಧ ಪಕ್ಷವೂ ದೂರಿದುವು. 2020ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಆ ಟೆಂಡರನ್ನು ರದ್ದುಪಡಿಸಿ ಹೊಸದಾಗಿ ಕರೆಯುವಂತೆ ಸೂಚಿಸಿತು. ಕೊನೆಗೆ 2022ರ ಜೂನ್ ತಿಂಗಳಲ್ಲಿ ಮುಖ್ಯಮಂತ್ರಿಗಳು ಕನ್ಯಾಕುಮಾರಿ ಜಿಲ್ಲೆಯಲ್ಲಿ ಕೆಲಸಕ್ಕೆ ಚಾಲನೆ ಕೊಟ್ಟರು. ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಜನರ ಆಕ್ಷೇಪಣೆಯಿಂದ ಕೆಲಸವು ತಡವಾಯಿತು, ನಿಜ. ಆದರೆ ಜನರು ಸುಮ್ಮನಿದ್ದಿದ್ದರೆ ಷರತ್ತುಗಳನ್ನು ಮತ್ತೆ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ. ಸಾರ್ವಜನಿಕ ಕಾರ್ಯದಲ್ಲಿ ಎರಡು ವರ್ಷದ ವಿಳಂಬವೂ ಒಂದು ನಷ್ಟವೇ, ಪರೀಕ್ಷೆಯಿಲ್ಲದ ವೆಚ್ಚವೂ ಒಂದು ನಷ್ಟವೇ. ಯಾವುದು ಹೆಚ್ಚೆಂಬುದನ್ನು ಪ್ರತಿ ಸಂದರ್ಭದಲ್ಲಿಯೂ ತೂಗಿ ನೋಡಬೇಕು.

೨. ತಂತಿಯೊಳಗೆ ಬರುವುದೇನು?

ಇನ್ನು ಆ ಹಿರಿಯರ ಮೊದಲನೆಯ ಪ್ರಶ್ನೆ. ವಿದ್ಯುತ್ ತಂತಿಯಲ್ಲಿ ಹರಿಯುವುದು ವಿದ್ಯುತ್ತು. ಈ ತಂತಿಯಲ್ಲಿ ಹರಿಯುವುದು ಬೆಳಕು. ಕಪ್ಪು ಹೊದಿಕೆಯನ್ನು ಬಿಡಿಸಿ ನೋಡಿದರೆ ಒಳಗೆ ಅತಿ ಶುದ್ಧವಾದ ಗಾಜಿನ ಎಳೆಗಳಿರುತ್ತವೆ. ಒಂದೊಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಆ ಎಳೆಗೂ ಒಂದು ತಿರುಳು, ಒಂದು ಹೊದಿಕೆ, ಎರಡೂ ಉಂಟು. ಬೆಳಕು ಸಾಗುವುದು ತಿರುಳಿನಲ್ಲಿ. ದೂರ ಸಾಗುವ ತಂತಿಗಳಲ್ಲಿ ಈ ತಿರುಳು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ.

ಬೆಳಕು ನೇರವಾಗಿ ಸಾಗುತ್ತದೆಂದು ಕೆಳಗಿನ ತರಗತಿಯಲ್ಲಿಯೇ ಕಲಿತಿದ್ದೀರಿ. ಹಾಗಾದರೆ ದಿಂಬದ ಘಟ್ಟದ 27 ತಿರುವುಗಳಂತೆ ತಂತಿಯು ತಿರುಗಿದಾಗ ಬೆಳಕು ಹೊರಗೆ ಹಾರಿಹೋಗುವುದಿಲ್ಲವೆ? ಹೋಗುವುದಿಲ್ಲ. ತಿರುಳಿನ ಗಾಜು ಹೊದಿಕೆಯ ಗಾಜಿಗಿಂತ ಬೆಳಕಿಗೆ ಸ್ವಲ್ಪ ಹೆಚ್ಚು ಸಾಂದ್ರವಾದುದು. ಸಾಂದ್ರವಾದ ಮಾಧ್ಯಮದಿಂದ ವಿರಳವಾದ ಮಾಧ್ಯಮದ ಅಂಚಿಗೆ ಬೆಳಕು ತೀರ ಓರೆಯಾಗಿ ಬಂದು ತಗುಲಿದರೆ ಅದು ಹೊರಗೆ ದಾಟದೆ ಪೂರ್ಣವಾಗಿ ಒಳಕ್ಕೇ ಹಿಂತಿರುಗುತ್ತದೆ. ಇದಕ್ಕೆ ‘ಪೂರ್ಣ ಆಂತರಿಕ ಪ್ರತಿಫಲನ’ವೆಂದು ಹೆಸರು. ಹೀಗೆ ಅಂಚಿನಿಂದ ಅಂಚಿಗೆ ಪುಟಿಯುತ್ತ ಬೆಳಕು ತಿರುವುಗಳನ್ನೆಲ್ಲ ದಾಟುತ್ತದೆ.

ಇದನ್ನು ಮನೆಯಲ್ಲಿಯೇ ನೋಡಬಹುದು. ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಯೊಂದರ ಕೆಳಭಾಗದಲ್ಲಿ ಸಣ್ಣ ರಂಧ್ರವನ್ನು ಮಾಡಿ ನೀರು ತುಂಬಿರಿ. ಕತ್ತಲೆಯ ಕೋಣೆಯಲ್ಲಿ ರಂಧ್ರದ ಎದುರು ಮಗ್ಗುಲಿನಿಂದ ಟಾರ್ಚಿನ ಬೆಳಕನ್ನು ಬಿಡಿರಿ. ಬಾಗಿ ಬೀಳುವ ನೀರಿನ ಧಾರೆಗೆ ಅಂಗೈ ಒಡ್ಡಿದರೆ ಬೆಳಕು ನೀರಿನೊಡನೆಯೇ ಬಾಗಿ ಬಂದು ಅಂಗೈಯಲ್ಲಿ ಬೀಳುವುದನ್ನು ಕಾಣುವಿರಿ. 1854ರಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿಯು ಲಂಡನ್ನಿನಲ್ಲಿ ಸಭಿಕರ ಮುಂದೆ ತೋರಿಸಿದ ಪ್ರಯೋಗವಿದು. ಅದಾದ ನೂರು ವರ್ಷಗಳ ಮೇಲೆ, 1954ರಲ್ಲಿ, ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. 1966ರಲ್ಲಿ ಚಾರ್ಲ್ಸ್ ಕಾವೊ ಅವರು, ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಬೆಳಕಿನ ಸಂಕೇತವನ್ನು ಬಹುದೂರ ಕಳುಹಿಸಬಹುದೆಂದು ತೋರಿಸಿದರು. ಆ ಕಾರ್ಯಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. 500 ಕಿಲೋಮೀಟರ್ ದೂರದ ಊರಿಗೆ ಹೋಗಿ ಬರಲು ಅದಕ್ಕೆ ಬೇಕಾದುದು ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಹಾಗಿದ್ದರೆ ಪುಟಗಳು ತೆರೆಯಲು ನಿಮಿಷಗಟ್ಟಲೆ ಹಿಡಿಯುವುದೇಕೆ? ಇದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಒಂದು ಪಠ್ಯಪುಸ್ತಕದ ಗಾತ್ರ 50 ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ಒಂದು ಬೈಟಿಗೆ ಎಂಟು ಬಿಟ್. ಆದುದರಿಂದ 400 ಮೆಗಾಬಿಟ್. ಸೆಕೆಂಡಿಗೆ 100 ಮೆಗಾಬಿಟ್ ಬರುವ ತಂತಿಯಲ್ಲಿ ಪುಸ್ತಕವು 4 ಸೆಕೆಂಡಿನಲ್ಲಿ ಬರುತ್ತದೆ. ಅದೇ ತಂತಿಯನ್ನು 50 ಮನೆಗಳು ಏಕಕಾಲದಲ್ಲಿ ಹಂಚಿಕೊಂಡರೆ ಒಂದು ಮನೆಗೆ ಸಿಗುವುದು 2 ಮೆಗಾಬಿಟ್. ಪುಸ್ತಕಕ್ಕೆ 200 ಸೆಕೆಂಡ್, ಎಂದರೆ 3 ನಿಮಿಷ 20 ಸೆಕೆಂಡ್ ಬೇಕು. ಕಾಲುವೆಯ ನೀರಿನಂತೆಯೇ ಇದು: ತೂಬಿನಲ್ಲಿ ನೀರು ಎಷ್ಟಿದ್ದರೂ ಕೊನೆಯ ಹೊಲಕ್ಕೆ ಮುಟ್ಟುವುದು ಹಂಚಿಕೆಯನ್ನು ಅವಲಂಬಿಸಿದೆ. 2 ಮೆಗಾಬಿಟ್ ಎಂಬ ಈ ವೇಗವೇ 2023ರಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ.

೩. ಜನರು ಏನೆನ್ನುತ್ತಾರೆ?

ನಮ್ಮ ಸಭೆಯಲ್ಲಿ ಕೇಳಿಬಂದ ಅಭಿಪ್ರಾಯಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಸ್ವಾಗತ. ಕೋಸು, ಆಲೂಗಡ್ಡೆ, ಅರಿಸಿನ ಬೆಳೆಯುವವರು ಪೇಟೆಯ ದರವನ್ನು ಬೆಳಗಾಗುವ ಮೊದಲೇ ತಿಳಿಯಬಹುದೆಂದರು. ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿಗಳ ಸಲುವಾಗಿ ಇಡೀ ದಿನದ ಕೂಲಿ ಬಿಟ್ಟು ಅಲೆಯುವುದು ತಪ್ಪೀತೆಂದು ಹಲವರು ಆಶಿಸಿದರು. ನಮ್ಮ ಜಿಲ್ಲಾ ಕೇಂದ್ರವಾದ ಈರೋಡು ನೂರು ಕಿಲೋಮೀಟರಿಗೂ ದೂರ. ನಡುವೆ ಹುಲಿಗಳ ಕಾಡು. ದಿಂಬದ ಘಟ್ಟದಲ್ಲಿ ರಾತ್ರಿಯ ಸಂಚಾರವನ್ನು 2022ರ ಫೆಬ್ರವರಿ 10ರಿಂದ ನಿಲ್ಲಿಸಿದಾಗ ತಾಳವಾಡಿಯ ರೈತರು ಬೀದಿಗಿಳಿದುದನ್ನೂ, ಅನಂತರ ನ್ಯಾಯಾಲಯವು ಸ್ಥಳೀಯರಿಗೆ ಸಡಿಲಿಕೆ ಕೊಟ್ಟುದನ್ನೂ ನೀವೆಲ್ಲ ಬಲ್ಲಿರಿ. ದಾರಿ ಕಠಿಣವಾದ ಸೀಮೆಗೆ ಮನೆಯಲ್ಲಿದ್ದೇ ಕೆಲಸ ಮುಗಿಸುವ ಸಾಧನ ಬಂದರೆ ಯಾರು ತಾನೆ ಬೇಡವೆನ್ನುವರು?

ಎರಡನೆಯದು ಸಂದೇಹ. “ಕಂಬ ನೆಟ್ಟವರು ಹೊರಟೋಯ್ತಾರ. ಆನ ಬಂದು ಕಂಬ ಕೆಡವ್ತದ. ಆಮೇಲ ಯಾರನ್ನ ಕೇಳವ?” ಎಂದು ಕಾಡಂಚಿನ ಊರಿನ ರೈತರೊಬ್ಬರು ಕೇಳಿದರು. ಈ ಸಂದೇಹ ನಮ್ಮದು ಮಾತ್ರವಲ್ಲ. ದೇಶದ ಹಲವೆಡೆ ತಂತಿ ಬಂದರೂ ಉಪಕರಣಗಳು ಕೆಲಸ ಮಾಡದೆ ಇದ್ದುದುಂಟು. 2023ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರವು 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಭಾರತ್ ನೆಟ್ ಕಾರ್ಯಕ್ರಮವನ್ನು ಒಪ್ಪಿದಾಗ ತಂತಿಯನ್ನು ಉಂಗುರದಾಕಾರದಲ್ಲಿ ಹಾಯಿಸಬೇಕೆಂದು ಗೊತ್ತುಮಾಡಿತು. ನೇರವಾದ ಸಾಲಿನಲ್ಲಿ ಒಂದು ಕಡೆ ತುಂಡಾದರೆ ಮುಂದಿನ ಊರುಗಳೆಲ್ಲ ಕತ್ತಲೆ. ಉಂಗುರದಲ್ಲಿ ಒಂದು ಕಡೆ ತುಂಡಾದರೆ ಸಂಕೇತವು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಆ ರೈತರ ಆನೆಯ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವಿದೇ ಆಗಿದೆ. ಆದರೆ ತುಂಡಾದುದನ್ನು ಯಾರು, ಎಷ್ಟು ದಿನದಲ್ಲಿ ಜೋಡಿಸುವರೆಂಬ ಪ್ರಶ್ನೆಗೆ ಶಾಸ್ತ್ರವು ಉತ್ತರ ಹೇಳಲಾರದು. ಅದನ್ನು ಗ್ರಾಮಸಭೆಯೇ ಕೇಳಬೇಕು.

ಮೂರನೆಯದು ಕೊನೆಯ ಹೆಜ್ಜೆಯ ಪ್ರಶ್ನೆ. ತಂತಿಯು ಪಂಚಾಯಿತಿಯ ಕಟ್ಟಡದಲ್ಲಿ ನಿಲ್ಲುತ್ತದೆ. ಅಲ್ಲಿಂದ ಶಾಲೆಗೆ, ಆಸ್ಪತ್ರೆಗೆ, ಮನೆಗೆ ಬರಬೇಕಾದರೆ ಇನ್ನೊಂದು ಏರ್ಪಾಡು ಬೇಕು, ತಿಂಗಳ ಶುಲ್ಕವೂ ಬೇಕು. ಸೋಲಿಗರ ಪೋಡುಗಳಂತೂ ಪಂಚಾಯಿತಿಯ ಕಟ್ಟಡದಿಂದ ಬಹುದೂರ ಕಾಡಿನೊಳಗಿವೆ. “ದಾರಿಯೇ ಇಲ್ಲದ ಪೋಡಿಗ ತಂತಿ ಯಾವಾಗ ಬಂದದು?” ಎಂದು ಕೇಳಿದ ತಂದೆಗೆ ನಾವು ಅಂದು ಉತ್ತರ ಕೊಡಲಿಲ್ಲ. ಪಂಚಾಯಿತಿ ಕೇಂದ್ರವಲ್ಲದ ಊರುಗಳಿಗೂ ಬೇಡಿಕೆ ಬಂದಲ್ಲಿ ತಂತಿಯನ್ನು ಕೊಡಬೇಕೆಂಬ ಅಂಶವು 2023ರ ಆ ಕಾರ್ಯಕ್ರಮದಲ್ಲಿದೆ. ಬೇಡಿಕೆ ಬಂದಲ್ಲಿ ಎಂಬ ಮಾತನ್ನು ಅಡಿಗೆರೆ ಎಳೆದು ಓದಿರಿ. ಕೇಳದಿದ್ದವರಿಗೆ ಇಲ್ಲ ಎಂದೇ ಅದರ ಅರ್ಥ.

ನಾಲ್ಕನೆಯದು ತಾಯಂದಿರ ಭಯ. ಮಗ ರಾತ್ರಿಯೆಲ್ಲ ಫೋನು ಹಿಡಿದು ಆಟದಲ್ಲಿ ಮುಳುಗಿರುತ್ತಾನೆ, ಇನ್ನು ವೇಗ ಹೆಚ್ಚಿದರೆ ಗತಿಯೇನೆಂದು ಒಬ್ಬ ತಾಯಿ ಕೇಳಿದರು. ಈ ಮಾತನ್ನು ಹಳೆಯ ಕಾಲದವರ ಅಂಜಿಕೆಯೆಂದು ತಳ್ಳಿಹಾಕತಕ್ಕದ್ದಲ್ಲ. ಬಾವಿ ತೋಡಿದವರು ಕಟ್ಟೆಯನ್ನೂ ಕಟ್ಟಬೇಕು. ಓದಿಗೆ ಇಷ್ಟು ಹೊತ್ತು, ನಿದ್ರೆಗೆ ಇಷ್ಟು ಹೊತ್ತೆಂದು ಮನೆಯಲ್ಲಿ ನಿಯಮವಿರಲಿ; ಆ ನಿಯಮವನ್ನು ಹಿರಿಯರೂ ಪಾಲಿಸಲಿ.

ನೆರೆಯ ಕರ್ನಾಟಕದಲ್ಲಿಯೂ ಜನರು ಸುಮ್ಮನಿರಲಿಲ್ಲ. ಸಾಂಕ್ರಾಮಿಕದ ವರ್ಷಗಳಲ್ಲಿ ಮಲೆನಾಡಿನ ಕೆಲವು ಗ್ರಾಮಗಳವರು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂದು ಫಲಕ ಹಾಕಿದರು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆಬದಿ ಕುಳಿತು ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ದೇಶವೇ ನೋಡಿತು. ಕೇರಳದ ಉಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರಿನಲ್ಲಿಯೇ ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿ ಸೇರಿದೆಯೆಂದು ತೀರ್ಪಿತ್ತಿತ್ತು. ಫಿನ್‌ಲೆಂಡ್ ದೇಶದಲ್ಲಿ 2010ರ ಜುಲೈ 1ರಿಂದ ಇದು ಪ್ರತಿಯೊಬ್ಬನ ಕಾನೂನುಬದ್ಧ ಹಕ್ಕಾಯಿತು. ಒಂದು ಕಾಲದಲ್ಲಿ ಭೋಗವಸ್ತುವಾಗಿದ್ದುದು ಹೇಗೆ ಅವಶ್ಯಕತೆಯಾಗುತ್ತದೆಂಬುದಕ್ಕೆ ಇವು ನಿದರ್ಶನಗಳು.

೪. ನಮ್ಮದೇ ಒಂದು ತಪ್ಪು

ಇಲ್ಲಿ ನಮ್ಮ ಅನುಭವವೊಂದನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾದ ಹುಡುಗಿಯೊಬ್ಬಳು ಒಂದು ವಿದ್ಯಾಸಂಸ್ಥೆಗೆ ಅರ್ಜಿ ಹಾಕಬೇಕಾಗಿತ್ತು. ಅರ್ಜಿಯನ್ನು ಕಂಪ್ಯೂಟರಿನ ಮೂಲಕವೇ ಸಲ್ಲಿಸಬೇಕೆಂದು ನಿಯಮ. ಕಾಗದಪತ್ರಗಳು ನಮ್ಮ ಮೇಜಿನ ಮೇಲೆಯೇ ಇದ್ದವು. ಇನ್ನೂ ನಾಲ್ಕು ದಿನವಿದೆಯೆಂದು ನಾವು ಬೇರೆ ಕೆಲಸ ನೋಡಿಕೊಂಡೆವು. ಕೊನೆಯ ದಿನ ಮಳೆ ಹಿಡಿಯಿತು, ವಿದ್ಯುತ್ತು ಹೋಯಿತು, ಫೋನಿನ ಸಂಕೇತವೂ ಹೋಯಿತು. ಹುಡುಗಿಯನ್ನೂ ಅವಳ ಅಣ್ಣನನ್ನೂ ಕರೆದುಕೊಂಡು ಘಟ್ಟ ಇಳಿದು ಪೇಟೆಯನ್ನು ಮುಟ್ಟಿದೆವು. ಅರ್ಜಿಯೆಲ್ಲ ತುಂಬಿದ ಮೇಲೆ ಗುಪ್ತಸಂಖ್ಯೆಯೊಂದು ಫೋನಿಗೆ ಬರುವುದೆಂದು ತೋರಿತು. ಆ ಫೋನು ಅವಳ ತಂದೆಯ ಬಳಿ, ಸಂಕೇತವಿಲ್ಲದ ಪೋಡಿನಲ್ಲಿತ್ತು. ಸಂಜೆ ಐದು ಗಂಟೆಗೆ ಬಾಗಿಲು ಮುಚ್ಚಿತು.

ಹುಡುಗಿ ಅಳಲಿಲ್ಲ. “ಬರ ವರ್ಷ ಹಾಕವ, ಬುಡಿ ಸಾರ್” ಎಂದು ನಮಗೇ ಸಮಾಧಾನ ಹೇಳಿದಳು. ಮರುವರ್ಷ ಸೇರಿದಳು, ಓದುತ್ತಿದ್ದಾಳೆ. ಆದರೆ ಆ ಒಂದು ವರ್ಷ ಅವಳು ಮನೆಯಲ್ಲಿ ರಾಗಿ ಕಳೆ ಕಿತ್ತಳು. ಸಂಕೇತವಿಲ್ಲದುದು ಒಂದು ಕಾರಣ. ನಾಲ್ಕು ದಿನ ತಡಮಾಡಿದ ನಮ್ಮ ಉದಾಸೀನ ಇನ್ನೊಂದು ಕಾರಣ. ಆ ವರ್ಷವನ್ನು ಯಾವ ತಂತಿಯೂ ಹಿಂದಕ್ಕೆ ತರಲಾರದು. ಅಂದಿನಿಂದ ಯಾವ ಅರ್ಜಿಯಾದರೂ ಸರಿಯೆ, ಬಂದ ದಿನವೇ ತುಂಬುವುದು, ತಂದೆಯ ಫೋನನ್ನು ಶಾಲೆಗೆ ತರಿಸಿಕೊಳ್ಳುವುದು, ಇವೆರಡೂ ನಮ್ಮ ನಿಯಮಗಳಾಗಿವೆ. ತಂತಿ ಬರುವವರೆಗೆ ಮಾತ್ರವಲ್ಲ, ಬಂದ ಮೇಲೆಯೂ ಈ ನಿಯಮಗಳು ಇರುವುವು.

೫. ತಂತಿಗೆ ಭಾಷೆ ಯಾವುದು?

ಹಿರಿಯರ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಇಲ್ಲಿಯೇ ಉಳಿಯಿತು. ನಾವು ತಮಿಳುನಾಡಿನ ಪ್ರಜೆಗಳು, ಮನೆಮಾತು ಕನ್ನಡ. ಎರಡೂ ನಮಗೆ ಗೌರವದ ವಿಷಯವೇ. ಸಾಂಕ್ರಾಮಿಕದ ದಿನಗಳಲ್ಲಿ ಸರ್ಕಾರವು ದೂರದರ್ಶನದ ಮೂಲಕ ಪಾಠಗಳನ್ನು ಏರ್ಪಡಿಸಿತು. ತಮಿಳು ಮಾಧ್ಯಮದ ಮಕ್ಕಳಿಗೆ ಅವು ಒದಗಿದಷ್ಟು ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಒದಗಲಿಲ್ಲ. ತಂತಿ ಎಷ್ಟು ವೇಗವಾಗಿದ್ದರೂ ಅದರಲ್ಲಿ ಬರುವುದು ನಮಗೆ ತಿಳಿಯುವ ನುಡಿಯಲ್ಲಿರಬೇಕು.

ಇದಕ್ಕೆ ನಿರಾಶರಾಗಬೇಕಾಗಿಲ್ಲ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯು 2016ರಲ್ಲಿ ಆರಂಭವಾಗಿ ನಿಘಂಟುಗಳನ್ನೂ ಗ್ರಂಥಗಳನ್ನೂ ಒದಗಿಸುತ್ತ ಬಂದಿದೆ. 2017ರಲ್ಲಿ ಆರಂಭವಾದ ‘ದೀಕ್ಷಾ’ದಲ್ಲಿ ಕನ್ನಡ ಪಾಠಗಳೂ ಇವೆ. ನಮ್ಮ ಮಕ್ಕಳು ತಮಿಳನ್ನೂ ಚೆನ್ನಾಗಿ ಕಲಿಯಲಿ. ಅದು ಕಚೇರಿಯ ಬಾಗಿಲು. ಕನ್ನಡವನ್ನು ಬಿಡದಿರಲಿ, ಅದು ಮನೆಯ ಬಾಗಿಲು.

ಪೋಷಕರಿಗೆ ಉಪಯುಕ್ತವಾದ ಒಂದು ವಿಷಯವನ್ನು ಇಲ್ಲಿ ತಿಳಿಸುತ್ತೇವೆ. ನಮ್ಮ ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ತನ್ನ ಕುಂದುಕೊರತೆಯ ನಿವಾರಣೆಗಾಗಿ ಯಾವ ಪ್ರಜೆಯೇ ಆಗಲಿ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಆದುದರಿಂದ ತಂತಿಯ ವಿಷಯದ ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಬರೆಯಲು ಬಾರದವರಿಗೆ ನಮ್ಮ ಶಾಲೆಯ ಮೇಲಿನ ತರಗತಿಯ ವಿದ್ಯಾರ್ಥಿಗಳು ಬರೆದುಕೊಡುವರು.

೬. ನಮ್ಮ ಕರ್ತವ್ಯ

ಈ ರಾಜ್ಯದಲ್ಲಿ 2022ರಿಂದ ವರ್ಷಕ್ಕೆ ಆರು ಗ್ರಾಮಸಭೆಗಳು ಗೊತ್ತಾಗಿವೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಆ ಸಭೆಗಳಲ್ಲಿ ಮೂರು ಪ್ರಶ್ನೆಗಳನ್ನು ಕೇಳಿರೆಂದು ನಮ್ಮ ಪ್ರಾರ್ಥನೆ. ಒಂದು: ನಮ್ಮ ಪಂಚಾಯಿತಿಯ ಉಪಕರಣ ಎಲ್ಲಿದೆ, ಕೆಲಸ ಮಾಡುತ್ತಿದೆಯೆ? ಎರಡು: ಕೆಟ್ಟರೆ ಯಾರಿಗೆ ತಿಳಿಸಬೇಕು, ಎಷ್ಟು ದಿನದಲ್ಲಿ ಸರಿಹೋಗುವುದು? ಮೂರು: ಶಾಲೆಗೂ ಪೋಡುಗಳಿಗೂ ತಂತಿ ಬರುವ ಏರ್ಪಾಡೇನು? ಉತ್ತರವನ್ನು ನಡವಳಿಕೆಯ ಪುಸ್ತಕದಲ್ಲಿ ಬರೆಸಿರಿ. ಬರೆಯದ ಉತ್ತರ ಮುಂದಿನ ಸಭೆಗೆ ನೆನಪಿರುವುದಿಲ್ಲ.

ಕೇಳುವ ಹಕ್ಕಿನೊಡನೆ ಕಾಯುವ ಹೊಣೆಯೂ ಉಂಟು. ಪಂಚಾಯಿತಿಯ ಕಟ್ಟಡದಲ್ಲಿಟ್ಟ ಬ್ಯಾಟರಿ, ಪೆಟ್ಟಿಗೆ, ತಂತಿಗಳನ್ನು ಕದ್ದರೆ ಅಥವಾ ಕೆಡಿಸಿದರೆ ಕ್ರಮ ಜರುಗಿಸಲಾಗುವುದೆಂದು ಜಿಲ್ಲಾಡಳಿತಗಳು ಪ್ರಕಟಣೆ ಹೊರಡಿಸಬೇಕಾಗಿ ಬಂದಿದೆ. ಗಾಜಿನ ತಂತಿಯಲ್ಲಿ ಮಾರಿಕೊಳ್ಳಲು ತಾಮ್ರವಿಲ್ಲ. ಕತ್ತರಿಸಿದವನಿಗೆ ಲಾಭವಿಲ್ಲ, ಊರಿಗೆಲ್ಲ ನಷ್ಟ. ಗುಮಟಾಪುರದ ಗೊರೆಹಬ್ಬಕ್ಕೆ ಊರಿಗೆ ಊರೇ ಸೇರುವುದನ್ನು ನೋಡಿದ್ದೇವೆ. ಊರಿನ ತಂತಿಯನ್ನು ಕಾಯುವುದಕ್ಕೂ ಹಾಗೆಯೇ ಸೇರಬಹುದಲ್ಲವೆ?

ಹಿರಿಯರು ಕೇಳಿದ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಹುದು. ತಂತಿಯೊಳಗೆ ಬರುವುದು ಬೆಳಕು. ಅದು ಯಾರ ಮನೆಗೆ ಬರುತ್ತದೆಂಬುದು ಮಾತ್ರ ಬೆಳಕಿನ ನಿಯಮದಿಂದ ತೀರ್ಮಾನವಾಗುವುದಿಲ್ಲ. ಕೇಳಿದವರ ಮನೆಗೆ, ಕಾದವರ ಮನೆಗೆ, ಓದಿಗೆ ಬಳಸುವವರ ಮನೆಗೆ ಅದು ಬರಲಿ.

ಅಭ್ಯಾಸ

1. ನೀರಿನ ಧಾರೆಯ ಪ್ರಯೋಗವನ್ನು ಮನೆಯವರ ಮುಂದೆ ಮಾಡಿ ತೋರಿಸಿ, ಕಂಡುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.

2. 75 ಮೆಗಾಬೈಟ್ ಗಾತ್ರದ ಪುಸ್ತಕವು ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಬರಲು ಎಷ್ಟು ನಿಮಿಷ ಬೇಕು?

3. ಸಾಲಿನ ಜೋಡಣೆಗೂ ಉಂಗುರದ ಜೋಡಣೆಗೂ ಇರುವ ಭೇದವನ್ನು ನಿಮ್ಮ ಊರೂ ನೆರೆಯ ನಾಲ್ಕು ಊರುಗಳೂ ಸೇರಿದ ನಕ್ಷೆ ಬರೆದು ವಿವರಿಸಿರಿ.

4. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅಂತರಜಾಲದಿಂದ ಅವರು ಬಯಸುವ ಒಂದು ಪ್ರಯೋಜನವನ್ನೂ ಅಂಜುವ ಒಂದು ಕೇಡನ್ನೂ ಬರೆದು ತನ್ನಿರಿ.

5. ನಿಮ್ಮ ಊರಿನ ಪರವಾಗಿ ಪಂಚಾಯಿತಿಗೆ ಕನ್ನಡದಲ್ಲಿ ಒಂದು ಮನವಿ ಬರೆಯಿರಿ. ಉತ್ತಮವಾದ ಮನವಿಯನ್ನು ನಿಜವಾಗಿಯೇ ಸಲ್ಲಿಸಲಾಗುವುದು.